ಓದಿದ್ದೆಲ್ಲ ಪರೀಕ್ಷಾ ಕೊಠಡಿಯಲ್ಲಿ ಎಲ್ಲಿ ಹೋಗುತ್ತದೆ?

"ಎಲ್ಲಾ ಓದಿದ್ದೆ. ಪೇಪರ್ ನೋಡಿದ ಕೂಡಲೇ ಬ್ಲ್ಯಾಂಕ್ ಆಗೋಯ್ತು."

ಎಸ್‌ಎಸ್‌ಎಲ್‌ಸಿ ಗಣಿತ ಪರೀಕ್ಷೆ ಮುಗಿಸಿ ಬಂದ ಮಗು ಹೀಗೆಂದರೆ, ಮನೆಯಲ್ಲಿ ಮೊದಲು ಹೊರಡುವ ಮಾತು "ಸರಿಯಾಗಿ ಓದಿರಲಿಲ್ಲ, ಅದಕ್ಕೇ" ಎಂಬುದು. ಬಹಳ ಸಲ ಈ ತೀರ್ಪು ತಪ್ಪಾಗಿರುತ್ತದೆ. ಬೆಳಿಗ್ಗೆ ಏನೂ ನೆನಪಾಗದ ಅದೇ ಮಗು ಸಂಜೆ ತಿಂಡಿ ತಿಂದು ಕೂತ ಮೇಲೆ ಥೇಲ್ಸ್‌ನ ಪ್ರಮೇಯವನ್ನು ಚಿತ್ರ, ದತ್ತ, ಸಾಧನೀಯ, ರಚನೆ ಸಮೇತ ಬರೆದು ತೋರಿಸುತ್ತದೆ. ಕಲಿತದ್ದು ತಲೆಯಲ್ಲೇ ಇತ್ತು, ಬೇಕಾದ ಹೊತ್ತಿಗೆ ಕೈಗೆ ಸಿಗಲಿಲ್ಲ ಅಷ್ಟೆ. ಹಾಗೆ ಸಿಗದಂತೆ ಮಾಡುವುದು ಭಯ. ಈ ಭಯಕ್ಕೆ ಮನೆಯವರೂ ಮೇಷ್ಟ್ರುಗಳೂ ಕೊಡುವ ಮಾಮೂಲಿ ಮದ್ದು "ಇನ್ನಷ್ಟು ಓದು" ಎನ್ನುವುದು. ಅದರಿಂದ ಭಯ ಇಳಿಯುವುದಿಲ್ಲ. ಪುಸ್ತಕ ಮುಚ್ಚಿ, ಗಡಿಯಾರ ಎದುರಿಗಿಟ್ಟುಕೊಂಡು, ಬರೆದು ಬರೆದು ರೂಢಿಯಾದರೆ ಮಾತ್ರ ಇಳಿಯುತ್ತದೆ.

ತಲೆಯೊಳಗೆ ನಡೆಯುವುದೇನು

ಲೆಕ್ಕ ಬಿಡಿಸುವಾಗ ನಾವು ಎರಡು ಮೂರು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರುತ್ತೇವೆ. ಪ್ರಶ್ನೆಯಲ್ಲಿ ಕೊಟ್ಟಿರುವ ಸಂಖ್ಯೆ, ಬಳಸಬೇಕಾದ ಸೂತ್ರ, ಈಗಷ್ಟೇ ಮುಗಿಸಿದ ಹಂತದ ಉತ್ತರ, ಹೀಗೆ. ಇದನ್ನು ಹಿಡಿದಿಡುವ ಜಾಗಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅದೊಂದು ಪುಟ್ಟ ಸ್ಲೇಟು ಅಂದುಕೊಳ್ಳಿ. ಬರೆದು, ಒರೆಸಿ, ಮತ್ತೆ ಬರೆಯಬೇಕು. ದೊಡ್ಡವರದ್ದೂ ಚಿಕ್ಕದೇ, ಮಕ್ಕಳದ್ದು ಇನ್ನೂ ಚಿಕ್ಕದು.

"ಇದು ಬರದಿದ್ರೆ ಫೇಲ್", "ಅಪ್ಪ ಏನಂತಾರೋ", "ಪಕ್ಕದವಳು ಆಗಲೇ ಅಡಿಷನಲ್ ಶೀಟ್ ತಗೊಂಡ್ಲು" ಎಂಬ ಯೋಚನೆಗಳೂ ಇದೇ ಸ್ಲೇಟಿನ ಮೇಲೆ ಬಂದು ಕೂರುತ್ತವೆ. ಅರ್ಧ ಸ್ಲೇಟು ಚಿಂತೆಯೇ ತುಂಬಿಕೊಂಡರೆ ಲೆಕ್ಕಕ್ಕೆ ಜಾಗ ಎಲ್ಲಿ? ಹಾಗಾಗಿ ಭಯದ ಪೆಟ್ಟು ಮೊದಲು ಬೀಳುವುದು ಹಲವು ಹಂತಗಳ ಲೆಕ್ಕಗಳ ಮೇಲೆ, ಯೋಚಿಸಿ ಬರೆಯಬೇಕಾದ ವಿಜ್ಞಾನದ ಪ್ರಶ್ನೆಗಳ ಮೇಲೆ. ಬಾಯಿಪಾಠದ ಪದ್ಯ ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ.

ಇದರ ಜೊತೆಗೆ ಮೈಯೂ ತನ್ನ ಕೆಲಸ ಶುರು ಮಾಡಿರುತ್ತದೆ. ಅಪಾಯ ಬಂತೆಂದು ಮಿದುಳು ಸಂಕೇತ ಕೊಟ್ಟ ಕೂಡಲೇ ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ಕಲಸಿದಂತಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನೂ ಏರುತ್ತದೆ. ಅದು ಹೆಚ್ಚಾದಾಗ ಕಲಿತದ್ದನ್ನು ನೆನಪಿನಿಂದ ಹೊರತೆಗೆಯುವುದು ಕಷ್ಟವಾಗುತ್ತದೆ.

ಚಿಂತೆ ಬೇರೆ, ಮೈಯ ತಳಮಳ ಬೇರೆ ಎಂದು 1967ರಲ್ಲಿ ಲೀಬರ್ಟ್ ಮತ್ತು ಮಾರಿಸ್ ಎಂಬ ಮನಶ್ಶಾಸ್ತ್ರಜ್ಞರು ವಿಂಗಡಿಸಿ ತೋರಿಸಿದರು. ಅಂಕಗಳನ್ನು ಹೆಚ್ಚಾಗಿ ಕೆಳಗಿಳಿಸುವುದು ಚಿಂತೆ, ಎದೆಬಡಿತ ಅಷ್ಟಾಗಿ ಅಲ್ಲ ಎಂಬುದು ಆಮೇಲಿನ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಕಂಡಿದೆ. ಪೋಷಕರಿಗೆ ಇದರಿಂದ ನೇರ ಉಪಯೋಗವಿದೆ. ಮಗುವನ್ನು ಕೇಳಿ: "ಪರೀಕ್ಷೆ ಅಂದ ಕೂಡಲೇ ಮೊದಲು ಏನಾಗುತ್ತೆ? ತಲೆಯಲ್ಲಿ ಮಾತು ಓಡುತ್ತಾ, ಇಲ್ಲ ಮೈಗೆ ಏನಾದ್ರೂ ಆಗುತ್ತಾ?" ಕೆಲವರಿಗೆ ಮೊದಲನೆಯದು, ಕೆಲವರಿಗೆ ಎರಡನೆಯದು, ಹಲವರಿಗೆ ಎರಡೂ. ಹೊಟ್ಟೆ ಕಿವುಚುವ ಮಗುವಿಗೆ "ಧೈರ್ಯವಾಗಿರು" ಎಂದು ಉಪದೇಶಿಸಿ ಫಲವಿಲ್ಲ, ಅದಕ್ಕೆ ಉಸಿರಾಟದ ಅಭ್ಯಾಸ ಬೇಕು. ತಲೆಯಲ್ಲಿ ಮಾತು ಓಡುವ ಮಗುವಿಗೆ ಬರೀ ಪ್ರಾಣಾಯಾಮ ಸಾಲದು.

ಅಂದಹಾಗೆ, ಒಂಚೂರೂ ಅಳುಕಿಲ್ಲದಿರುವುದೂ ಒಳ್ಳೆಯದಲ್ಲ. ಸ್ವಲ್ಪ ಬಿಸಿ ಇದ್ದರೇ ಗಮನ ಚುರುಕಾಗುವುದು. ಭಯವನ್ನು ಪೂರ್ತಿ ಅಳಿಸಲು ಹೊರಟು ಸೋತು, ಇನ್ನಷ್ಟು ಹೆದರುವುದು ಬೇಡ. ಸ್ಲೇಟಿನ ಮೇಲೆ ಲೆಕ್ಕಕ್ಕೆ ಜಾಗ ಉಳಿದರೆ ಸಾಕು.

ಮತ್ತೆ ಮತ್ತೆ ಓದುವುದರ ಮೋಸ

ನೋಟ್ಸನ್ನು ನಾಲ್ಕನೇ ಸಲ ಓದುವಾಗ ಎಲ್ಲ ಗೊತ್ತಿರುವ ಹಾಗೇ ಅನಿಸುತ್ತದೆ. ಗುರುತು ಸಿಗುವುದೇ ಬೇರೆ, ತಾನಾಗಿ ನೆನಪಾಗುವುದೇ ಬೇರೆ. ಮದುವೆ ಮನೆಯಲ್ಲಿ ಯಾರನ್ನೋ ನೋಡಿ "ಇವರನ್ನು ಎಲ್ಲೋ ನೋಡಿದ್ದೀನಿ" ಎನ್ನುತ್ತೇವೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಪರೀಕ್ಷೆ ಕೇಳುವುದು ಹೆಸರನ್ನು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಇದನ್ನು 2006ರಲ್ಲಿ ಅಳೆದು ನೋಡಿದರು. ಒಂದು ಪಠ್ಯಭಾಗವನ್ನು ಕೆಲವು ವಿದ್ಯಾರ್ಥಿಗಳು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಎರಡನೇ ಸಲ ಓದುವ ಬದಲು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಬರೆದವರಿಗೆ ಸುಮಾರು 56 ಶೇಕಡಾ ನೆನಪಿತ್ತು, ಎರಡು ಸಲ ಓದಿದವರಿಗೆ ಸುಮಾರು 42. ಹತ್ತು ವರ್ಷದ ನಂತರ, 2016ರಲ್ಲಿ, ಟಫ್ಟ್ಸ್ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಜನರನ್ನು ಬೇಕೆಂದೇ ಒತ್ತಡಕ್ಕೆ ಸಿಕ್ಕಿಸಿ ನೆನಪನ್ನು ಪರೀಕ್ಷಿಸಿದರು. ಬರೀ ಓದಿ ಕಲಿತವರ ನೆನಪು ಒತ್ತಡದಲ್ಲಿ ಕುಸಿಯಿತು. ನೆನಪಿನಿಂದ ಹೊರತೆಗೆದು ಕಲಿತವರದ್ದು ಗಟ್ಟಿಯಾಗಿ ನಿಂತಿತು. ಪರೀಕ್ಷಾ ಭಯದ ಮಟ್ಟಿಗೆ ಇದಕ್ಕಿಂತ ಕೆಲಸಕ್ಕೆ ಬರುವ ಸಂಗತಿ ಇನ್ನೊಂದಿಲ್ಲ.

ಮನೆಯಲ್ಲಿ ಇದನ್ನು ಮಾಡುವುದು ಹೀಗೆ. ಒಂದು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ 10 ನಿಮಿಷ ನೆನಪಿದ್ದಷ್ಟನ್ನು ನೀಲಿ ಪೆನ್ನಿನಲ್ಲಿ ಬರೆಯಬೇಕು. ಅಕ್ಷರ ಸೊಟ್ಟಗಿದ್ದರೂ ವಾಕ್ಯ ಅರ್ಧಕ್ಕೇ ನಿಂತರೂ ಚಿಂತೆಯಿಲ್ಲ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕಪ್ಪು ಪೆನ್ನಿನಲ್ಲಿ ಸೇರಿಸಬೇಕು. ಮರುದಿನ, ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ಇನ್ನೊಂದು ಖಾಲಿ ಹಾಳೆಯಲ್ಲಿ ಅದೇ ಪಾಠ. ಕಪ್ಪು ಕಡಿಮೆಯಾಗುತ್ತಾ ನೀಲಿ ಹೆಚ್ಚುವುದನ್ನು ಮಗು ಕಣ್ಣಾರೆ ನೋಡುತ್ತದೆ. "ನಿನಗೆ ಬರುತ್ತೆ ಬಿಡು" ಎಂದು ಹತ್ತು ಸಲ ಹೇಳುವುದಕ್ಕಿಂತ ಆ ಹಾಳೆಗಳನ್ನು ದಾರ ಹಾಕಿ ಕಟ್ಟಿಡುವುದು ಮೇಲು. ಕೆಂಪು ಪೆನ್ನು ಮಾತ್ರ ಬೇಡ, ಕೆಂಪು ಕಂಡರೆ ಮಕ್ಕಳಿಗೆ ತಪ್ಪೇ ಕಾಣುವುದು.

ಶುರುವಿನಲ್ಲಿ ಮಕ್ಕಳು ಇದನ್ನು ಇಷ್ಟಪಡುವುದಿಲ್ಲ. ಓದುವಾಗ ಹಾಯೆನಿಸುತ್ತಿತ್ತು, ಖಾಲಿ ಹಾಳೆ ಎದುರಿಗಿಟ್ಟರೆ ಏನೂ ಬರುವುದಿಲ್ಲ ಎಂಬ ಕಸಿವಿಸಿ. ಇಲ್ಲೇ ಬಹಳ ಜನ ಕೈಬಿಡುವುದು. ಆ ಕಸಿವಿಸಿಯಾದಾಗಲೇ ಕಲಿಕೆ ನಡೆಯುತ್ತಿರುತ್ತದೆ ಎಂದು ಮೊದಲೇ ಹೇಳಿಡಿ.

ಮೆಟ್ಟಿಲು ಮೆಟ್ಟಿಲಾಗಿ

ಭಯದಿಂದ ತಪ್ಪಿಸಿಕೊಂಡಷ್ಟೂ ಅದು ಬೆಳೆಯುತ್ತದೆ. ಕಿರುಪರೀಕ್ಷೆಯ ದಿನ ರಜೆ ಹಾಕಿದ ಮಗುವಿಗೆ ಅಂದು ಹಾಯೆನಿಸುತ್ತದೆ, ಮುಂದಿನ ಪರೀಕ್ಷೆಗೆ ಎರಡರಷ್ಟು ಹೆದರಿಕೆಯಾಗುತ್ತದೆ. ಹಾಗೆಂದು ಒಮ್ಮೆಗೇ ಮೂರು ಗಂಟೆಯ ಪೂರ್ವಸಿದ್ಧತಾ ಪರೀಕ್ಷೆಗೆ ತಳ್ಳಿ, ಅಂಕಗಳನ್ನು ತರಗತಿಯಲ್ಲಿ ಎಲ್ಲರೆದುರು ಓದಿ ಹೇಳಿದರೆ ಆಗುವ ಹಾನಿ ಇನ್ನೂ ಹೆಚ್ಚು. ನಡುವೆ ಮೆಟ್ಟಿಲುಗಳಿರಬೇಕು.

ಮೊದಲ ವಾರ, ಚೆನ್ನಾಗಿ ಬರುವ ಐದು ಪ್ರಶ್ನೆಗಳು, ಸಮಯದ ಮಿತಿ ಇಲ್ಲ, ಅಂಕ ಇಲ್ಲ. ಎರಡನೇ ವಾರ, ಅಂಥವೇ ಪ್ರಶ್ನೆಗಳು, ಗಡಿಯಾರದೊಂದಿಗೆ 20 ನಿಮಿಷ. ಆಮೇಲೆ ಹಿಂದಿನ ವರ್ಷದ ಪತ್ರಿಕೆಯಲ್ಲಿ ಅರ್ಧ, ಒಂದೂವರೆ ಗಂಟೆ. ಕೊನೆಗೆ ಪೂರ್ತಿ ಪತ್ರಿಕೆ, ಬೆಳಿಗ್ಗೆ 10 ಗಂಟೆಗೇ, ಏಕೆಂದರೆ ನಿಜವಾದ ಪರೀಕ್ಷೆಯೂ ಶುರುವಾಗುವುದು ಆಗಲೇ. ರಾತ್ರಿ ಹನ್ನೊಂದಕ್ಕೆ ಓದಿ ರೂಢಿಯಾದ ತಲೆ ಬೆಳಿಗ್ಗೆ ಹತ್ತಕ್ಕೆ ತೂಕಡಿಸಬಾರದು. ಒಂದು ಮೆಟ್ಟಿಲಲ್ಲಿ ಭಯ ಸ್ವಲ್ಪ ಇಳಿದ ಮೇಲೇ ಮುಂದಿನದಕ್ಕೆ ಹೋಗಿ. ಭಯ ಹೆಚ್ಚಿದ್ದಾಗ ಎದ್ದುಹೋಗಲು ಬಿಟ್ಟರೆ "ಎದ್ದು ಹೋದರೆ ಸರಿಹೋಗುತ್ತೆ" ಎಂಬ ಪಾಠ ಮಿದುಳಿಗೆ ಸಿಗುತ್ತದೆ.

ಸಾಧ್ಯವಾದರೆ ಈ ಅಭ್ಯಾಸ ಮಗು ದಿನಾ ಕೂರುವ ಜಾಗದಲ್ಲಿ ಬೇಡ. ಎಸ್‌ಎಸ್‌ಎಲ್‌ಸಿ ಕೇಂದ್ರ ಎಷ್ಟೋ ಸಲ ಬೇರೆ ಶಾಲೆಯಲ್ಲಿರುತ್ತದೆ. ಗೊತ್ತಿಲ್ಲದ ಬೆಂಚು, ಗೊತ್ತಿಲ್ಲದ ಮೇಲ್ವಿಚಾರಕರು. ಚಿಕ್ಕಪ್ಪನ ಮನೆ, ಊರಿನ ಗ್ರಂಥಾಲಯ, ಶಾಲೆಯ ಬೇರೆ ಕೊಠಡಿ, ಯಾವುದಾದರೂ ಆದೀತು. ಪರೀಕ್ಷೆಗೆ ಒಂದೆರಡು ದಿನ ಮುಂಚೆ ಕೇಂದ್ರದ ಗೇಟಿನವರೆಗಾದರೂ ಮಗುವನ್ನು ಕರೆದುಕೊಂಡು ಹೋಗಿ ಬನ್ನಿ.

ಉಸಿರು, ಸರಿಯಾದ ಲೆಕ್ಕದಲ್ಲಿ

"ಜೋರಾಗಿ ಉಸಿರು ತಗೋ" ಎನ್ನುವುದು ತಪ್ಪು ಸಲಹೆ. ಬೇಗ ಬೇಗ ಆಳವಾಗಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳ ತುದಿ ಮತ್ತು ತುಟಿಯ ಸುತ್ತ ಜುಮ್ಮೆನ್ನುತ್ತದೆ. ಮೊದಲೇ ಹೆದರಿದ ಮಗು ತನಗೇನೋ ಆಗುತ್ತಿದೆ ಎಂದು ಇನ್ನೂ ಗಾಬರಿಯಾಗುತ್ತದೆ.

ಎದೆಬಡಿತ ನಿಧಾನವಾಗುವುದು ಉಸಿರು ಬಿಡುವಾಗ. ಹಾಗಾಗಿ ಬಿಡುವುದು ಉದ್ದವಿರಬೇಕು. ಮೂಗಿನಿಂದ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಮೆಲ್ಲಗೆ ಒಳಗೆ, ಆರು ಎಣಿಸುತ್ತಾ ಹೊರಗೆ. ಭುಜ ಮೇಲೇಳಬಾರದು, ಹೊಟ್ಟೆ ಉಬ್ಬಬೇಕು. ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡರೆ ತಿಳಿಯುತ್ತದೆ. ಹತ್ತು ಸುತ್ತಿಗೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಪರೀಕ್ಷೆಯ ದಿನವೇ ಮೊದಲ ಬಾರಿಗೆ ಮಾಡಿದರೆ ಇದು ಕೈಕೊಡುತ್ತದೆ, ಏಕೆಂದರೆ ಎಣಿಸುವುದೇ ಆಗ ಸ್ಲೇಟಿನ ಮೇಲೆ ಇನ್ನೊಂದು ಭಾರ. ಕನಿಷ್ಠ ಎರಡು ವಾರ ಮುಂಚಿನಿಂದ ದಿನಕ್ಕೆರಡು ಬಾರಿ, ಓದಲು ಕೂರುವ ಮುಂಚೆ, ಅಭ್ಯಾಸವಾಗಿರಬೇಕು.

ಎದೆ ಹೊಡೆದುಕೊಳ್ಳುವುದಕ್ಕೆ ಮಗು ಏನೆಂದು ಹೆಸರಿಡುತ್ತದೆ ಎಂಬುದೂ ಮುಖ್ಯ. "ನಾನು ಶಾಂತವಾಗಿರಬೇಕು" ಎಂದುಕೊಂಡವರಿಗಿಂತ "ನಾನು ಹುರುಪಿನಲ್ಲಿದ್ದೇನೆ" ಎಂದುಕೊಂಡವರು ಲೆಕ್ಕದಲ್ಲೂ ಭಾಷಣದಲ್ಲೂ ಚೆನ್ನಾಗಿ ಮಾಡಿದರೆಂದು ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದರು. ಕಬಡ್ಡಿ ಆಡುವ ಮಗುವಾದರೆ ಹೇಳುವುದು ಸುಲಭ: ರೈಡಿಗೆ ಹೋಗುವ ಮುಂಚೆ ಎದೆ ಹೀಗೇ ಹೊಡೆದುಕೊಳ್ಳುತ್ತಲ್ಲ, ಇದೂ ಅದೇ, ಮೈ ರೆಡಿ ಆಗ್ತಿದೆ.

ತಲೆಯಲ್ಲಿ ಮಾತು ಓಡುವ ಮಕ್ಕಳಿಗೆ ಇನ್ನೊಂದು ದಾರಿಯಿದೆ. ಪರೀಕ್ಷೆಗೆ ಹೊರಡುವ ಮುಂಚೆ 10 ನಿಮಿಷ, ಮನಸ್ಸಿನಲ್ಲಿರುವ ಭಯವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಬಿಡುವುದು. ಷಿಕಾಗೊ ವಿಶ್ವವಿದ್ಯಾಲಯದ ರಮಿರೆಜ್ ಮತ್ತು ಬೈಲಾಕ್ 2011ರಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಂದ ಜೀವಶಾಸ್ತ್ರ ಪರೀಕ್ಷೆಗೆ ಮುಂಚೆ ಇದನ್ನು ಮಾಡಿಸಿದಾಗ, ಹೆಚ್ಚು ಹೆದರುವ ಮಕ್ಕಳಿಗೇ ಇದರಿಂದ ಹೆಚ್ಚು ಲಾಭವಾಯಿತು. ಎಲ್ಲರಿಗೂ ಒಂದೇ ರೀತಿ ಒಗ್ಗುವುದಿಲ್ಲ, ಮನೆಯ ಅಭ್ಯಾಸ ಪರೀಕ್ಷೆಯಲ್ಲಿ ಮೊದಲು ಮಾಡಿ ನೋಡಿ. ಬರೆದದ್ದನ್ನು ದೊಡ್ಡವರು ಓದಬಾರದು. ಓದುತ್ತಾರೆಂದು ಗೊತ್ತಾದರೆ ಮಗು ನಿಜ ಬರೆಯುವುದಿಲ್ಲ. ಆ ಹಾಳೆಯನ್ನು ಹರಿದು ಮನೆಯಲ್ಲೇ ಬಿಸಾಡಿ ಹೋಗಲಿ.

ಮೂರೂಕಾಲು ಗಂಟೆಯ ಲೆಕ್ಕ

ಎಸ್‌ಎಸ್‌ಎಲ್‌ಸಿ ಗಣಿತವನ್ನೇ ಹತ್ತಿರದಿಂದ ನೋಡೋಣ. ಇತ್ತೀಚಿನ ವರ್ಷಗಳ ಪತ್ರಿಕೆಯಲ್ಲಿ 38 ಪ್ರಶ್ನೆ, 80 ಅಂಕ. ಒಂದು ಅಂಕದ ಬಹು ಆಯ್ಕೆ 8, ಒಂದು ಅಂಕದ ನೇರ ಪ್ರಶ್ನೆ 8, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು 1. ಪತ್ರಿಕೆ ಓದಲು 15 ನಿಮಿಷ, ಬರೆಯಲು 180 ನಿಮಿಷ.

ಅಂಕಕ್ಕೆ ಎರಡು ನಿಮಿಷದಂತೆ ಹಿಡಿಯಿರಿ. ಒಂದಂಕದ 16ಕ್ಕೆ 32 ನಿಮಿಷ, ಎರಡಂಕದವಕ್ಕೆ 32, ಮೂರಂಕದವಕ್ಕೆ 54, ನಾಲ್ಕಂಕದವಕ್ಕೆ 32, ಐದಂಕದ್ದಕ್ಕೆ 10. ಒಟ್ಟು 160 ನಿಮಿಷ. ಇನ್ನೂ 20 ನಿಮಿಷ ಕೈಯಲ್ಲಿ ಉಳಿಯಿತು. "ಟೈಮ್ ಸಾಲಲ್ಲ" ಎಂದು ಹೆದರುವ ಮಗುವಿನ ಎದುರು ಈ ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸಿ. ಆ 20 ನಿಮಿಷ ಕಣ್ಣಿಗೆ ಕಂಡಾಗ ಮುಖವೇ ಬದಲಾಗುತ್ತದೆ. ಬೇರೆ ವಿಷಯಗಳಿಗೂ ಆಯಾ ನೀಲನಕ್ಷೆ (ಎಷ್ಟು ಅಂಕದ ಪ್ರಶ್ನೆ ಎಷ್ಟು ಎಂಬ ಪಟ್ಟಿ) ಇಟ್ಟುಕೊಂಡು ಹೀಗೇ ಲೆಕ್ಕ ಹಾಕಿಸಿ.

ಓದುವ 15 ನಿಮಿಷ ಹಾಳಾಗುವುದು ಹೇಗೆಂದರೆ, ಕಣ್ಣು ನೇರವಾಗಿ ನಾಲ್ಕಂಕದ ಕಷ್ಟದ ಪ್ರಶ್ನೆಗೆ ಹೋಗಿ, ಅದನ್ನು ಮನಸ್ಸಿನಲ್ಲೇ ಬಿಡಿಸಲು ತೊಡಗುತ್ತದೆ. ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿಂದ ಗಾಬರಿ. ಹಾಗಾಗದಿರಲು ಆ ಹೊತ್ತಿಗೊಂದು ಕೆಲಸ ಗೊತ್ತುಮಾಡಿಕೊಡಿ. ಮೊದಲು ಉಸಿರಿನ ಐದು ಸುತ್ತು. ಆಮೇಲೆ ಮೊದಲಿನಿಂದ ಕೊನೆಯವರೆಗೆ ಓದುತ್ತಾ ಪ್ರತಿ ಪ್ರಶ್ನೆಗೂ ಒಳಗೇ ಒಂದು ಮಾತು: "ಬರುತ್ತೆ", "ಯೋಚಿಸಿದ್ರೆ ಬರುತ್ತೆ", "ಆಮೇಲೆ". ಬಿಡಿಸುವುದು ಬೇಡ. "ಬರುತ್ತೆ" ಎಂದವುಗಳ ಅಂಕವನ್ನು ಕೂಡಿಸುತ್ತಾ ಹೋದರೆ ಬಹಳಷ್ಟು ಮಕ್ಕಳಿಗೆ ಪಾಸಿನ ಗಡಿ ಓದುವ ಹೊತ್ತಿನಲ್ಲೇ ದಾಟಿದ್ದು ತಿಳಿಯುತ್ತದೆ. ಬರೆಯಲು ಗಂಟೆ ಹೊಡೆದಾಗ ಮೊದಲು "ಬರುತ್ತೆ" ಗುಂಪು.

ಇಷ್ಟಾದರೂ ನಡುವೆ ಬ್ಲ್ಯಾಂಕ್ ಆದರೆ? ಪೆನ್ನು ಕೆಳಗಿಟ್ಟು, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಬೆಂಚಿನ ತಣ್ಣಗಿನ ಮರವನ್ನು ಅಂಗೈಯಿಂದ ಮುಟ್ಟಿ, ಉದ್ದನೆಯ ಮೂರು ಉಸಿರು ಬಿಡಬೇಕು. ಒಂದು ಗುಟುಕು ನೀರು. ಆ ಪ್ರಶ್ನೆಗೆ ಜಾಗ ಬಿಟ್ಟು ಮುಂದಕ್ಕೆ ಹೋಗಿ, ಖಂಡಿತ ಬರುವ ಒಂದಂಕದ ಪ್ರಶ್ನೆಯೊಂದನ್ನು ಬರೆಯಬೇಕು. ಕೈ ಓಡತೊಡಗಿದರೆ ತಲೆಯೂ ಹಿಂದೆಯೇ ಬರುತ್ತದೆ. ಆಮೇಲೆ ಬಿಟ್ಟದ್ದಕ್ಕೆ ಮರಳಿ, ನೆನಪಿದ್ದಷ್ಟು, ಬರೀ ಚಿತ್ರವೋ ಸೂತ್ರವೋ ಆದರೂ ಸರಿ, ಬರೆಯಲಿ. ಮೌಲ್ಯಮಾಪನದಲ್ಲಿ ಹಂತಗಳಿಗೂ ಅಂಕವಿದೆ.

ಮನೆಯವರ ಪಾಲು

ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ನಿದ್ದೆಗೆಟ್ಟ ಮಿದುಳು ಸಣ್ಣದಕ್ಕೂ ಹೆದರುತ್ತದೆ. ಕಾಫಿಯ ಕೆಫೀನು ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಬೆಳಿಗ್ಗೆ ಎರಡು ಇಡ್ಲಿಯೋ ಉಪ್ಪಿಟ್ಟೋ, ಮಗು ದಿನಾ ತಿನ್ನುವಂಥದ್ದೇ ಇರಲಿ. ಪರೀಕ್ಷೆಯೆಂದು ವಿಶೇಷ ಅಡುಗೆ, ಹೊಸ ಬಟ್ಟೆ, ಹೊಸ ಪೆನ್ನು ಬೇಡ. ಪ್ರವೇಶ ಪತ್ರ, ಎರಡು ಪೆನ್ನು, ಜಾಮಿಟ್ರಿ ಬಾಕ್ಸು, ನೀರಿನ ಬಾಟಲಿ ಹಿಂದಿನ ರಾತ್ರಿಯೇ ಬ್ಯಾಗಿನಲ್ಲಿರಲಿ.

ಮಾತಿನ ವಿಷಯ ಇನ್ನೂ ಸೂಕ್ಷ್ಮ. "ನಿನ್ ಮೇಲೆ ಎಲ್ಲಾ ನಂಬಿಕೆ ಇಟ್ಕೊಂಡಿದೀವಿ" ಎಂಬುದು ಪ್ರೀತಿಯಿಂದಲೇ ಬರುತ್ತದೆ, ಮಗುವಿಗೆ ಮಾತ್ರ ಸಾಲದ ಪತ್ರದಂತೆ ಕೇಳಿಸುತ್ತದೆ. "ಔಟ್ ಆಫ್ ಔಟ್ ಬರಬೇಕು" ಎನ್ನುವುದಂತೂ ಅದರ ಕೈಯಲ್ಲಿಲ್ಲದ ವಿಷಯ. ಅದರ ಕೈಯಲ್ಲಿರುವುದನ್ನೇ ಕೇಳಿ: "ಇವತ್ತು ಎಷ್ಟು ಖಾಲಿ ಹಾಳೆ ಆಯ್ತು?" ಅಕ್ಕನ ಮಗನ 600ರ ಅಂಕ ಊಟದ ಹೊತ್ತಿಗೆ ಪ್ರಸ್ತಾಪವಾಗದಿರಲಿ. ಇದೊಂದೇ ಅವಕಾಶ ಎಂದು ಹೆದರಿಸುವುದೂ ಸುಳ್ಳು. 2023-24ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಮಂಡಳಿ ಒಂದೇ ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ, ಮತ್ತೆ ಬರೆದು ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಇದನ್ನು ಮಗುವಿಗೆ ಮುಂಚೆಯೇ ತಿಳಿಸಿಡಿ.

ಪರೀಕ್ಷೆ ಬರೆದು ಬಂದ ಮಗುವನ್ನು ಬಾಗಿಲಲ್ಲೇ ನಿಲ್ಲಿಸಿ ಕೀ ಆನ್ಸರ್ ನೋಡಿ ಅಂಕ ಎಣಿಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ಎರಡು ತಪ್ಪು ಸಿಕ್ಕರೆ ಆ ಚಿಂತೆ ನೇರ ಮುಂದಿನ ಪತ್ರಿಕೆಗೆ ಹೋಗುತ್ತದೆ. ಪ್ರಶ್ನೆಪತ್ರಿಕೆಯನ್ನು ಇಸಿದುಕೊಂಡು ಬೀರುವಿನಲ್ಲಿಡಿ, ಕೊನೆಯ ಪರೀಕ್ಷೆ ಮುಗಿದ ಮೇಲೆ ಬೇಕಾದರೆ ತೆಗೆಯಿರಿ.

ಚಿಕ್ಕ ತರಗತಿಯ ಮಕ್ಕಳು ಭಯ ಎಂಬ ಮಾತನ್ನು ಬಳಸುವುದೇ ಇಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಇಲ್ಲ. ಅದು ನಾಟಕವಲ್ಲ, ನೋವು ನಿಜ. ಒಮ್ಮೆ ವೈದ್ಯರಿಗೆ ತೋರಿಸಿ ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಗದರದೆ, ಆದರೆ ರಜೆಯನ್ನೂ ಕೊಡದೆ ಶಾಲೆಗೆ ಕಳಿಸಿ. ಬೇಕಾದರೆ ಮೊದಲ ಹತ್ತು ನಿಮಿಷ ಜೊತೆಗಿರುವಂತೆ ಟೀಚರನ್ನು ಕೇಳಿಕೊಳ್ಳಿ.

ಭಯದ ಹಿಂದೆ ಬೇರೆಯೇ ಇದ್ದಾಗ

ಕೆಲವು ಮಕ್ಕಳ ಭಯಕ್ಕೆ ಬುಡವಿರುತ್ತದೆ. ಬಾಯಲ್ಲಿ ಚೆನ್ನಾಗಿ ಹೇಳುವ ಮಗು ಬರೆಯುವಾಗ ಅಕ್ಷರ ತಿರುಗುಮುರುಗಾಗಿಸಿ, ಯಾವಾಗಲೂ ಸಮಯ ಸಾಲದೆ ಒದ್ದಾಡುತ್ತಿದ್ದರೆ ಡಿಸ್‌ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ರಿಯಾಯಿತಿಗಳಿವೆ. ಅರ್ಜಿ ಹೋಗುವುದು ಮುಖ್ಯಶಿಕ್ಷಕರ ಮೂಲಕ, ಹಾಗಾಗಿ ಹತ್ತನೇ ತರಗತಿಯ ಆರಂಭದಲ್ಲೇ ಅವರನ್ನು ಕಾಣಿ. ಫೆಬ್ರವರಿಯಲ್ಲಿ ಓಡಾಡಿದರೆ ಕೆಲಸವಾಗುವುದು ಕಷ್ಟ.

ಎರಡು ವಾರ ಮೀರಿ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಶಾಲೆಗೆ ಹೋಗಲೇ ಒಲ್ಲೆ ಎನ್ನುತ್ತಿದೆ, ಉಸಿರು ಕಟ್ಟಿದಂತಾಗಿ ಸತ್ತೇಹೋಗುತ್ತೇನೆ ಎಂಬಷ್ಟು ಗಾಬರಿ ಮತ್ತೆ ಮತ್ತೆ ಬರುತ್ತಿದೆ ಎಂದಾದರೆ ಇದು ಮನೆಮದ್ದಿನಲ್ಲಿ ಮುಗಿಯುವ ವಿಷಯವಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು, ಆಪ್ತಸಮಾಲೋಚಕರು ಸಿಗುತ್ತಾರೆ. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು. ಈ ಎರಡು ನಂಬರುಗಳನ್ನು ಪ್ರತಿ ತರಗತಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕು.

"ನಾನು ಇರಲೇಬಾರದಿತ್ತು", "ರಿಸಲ್ಟ್ ಬಂದ ಮೇಲೆ ನಾನಿರಲ್ಲ" ಎಂಬಂಥ ಮಾತು ತಮಾಷೆಯಾಗಿ ಬಂದರೂ ತಮಾಷೆಯೆಂದು ಬಿಡಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಒಳಗಿದ್ದುದು ಹೊರಬರುತ್ತದೆ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಅಂದೇ ಬೀಗದೊಳಗಿಡಿ, 14416ಕ್ಕೆ ಅಂದೇ ಫೋನ್ ಮಾಡಿ. ಫೋನಿನಲ್ಲಿ ನೀವು ಮಾತಾಡುತ್ತಿರುವಾಗ ಮನೆಯ ಇನ್ನೊಬ್ಬರು ಮಗುವಿನ ಪಕ್ಕದಲ್ಲೇ ಕೂತಿರಲಿ.